ಬಸ್ ಅಂದ್ರೆ ಕೂತ್ಕೋತಾಳೆ, ಕಮ್ ಅಂದ್ರೆ ಓಡ್ತಾಳೆ

ಹೋದ ತಿಂಗಳು ನಾನು ಕೆಲಸ ಮಾಡೋ ಪತಸಂಸ್ಥೆಯ, ಅಂದ್ರೆ ಸಾಲ ಕೊಡೋ ಸಹಕಾರಿ ಸಂಘದ, ಮೂರು ಜನ ನಮ್ಮನೆಗೆ ಊಟಕ್ಕೆ ಬಂದಿದ್ರು. ನಮ್ಮನೆಯವರು ಶ್ರೀಖಂಡದ ಪಾತ್ರೆ ಹಿಡ್ಕೊಂಡು ಧಾರವಾಡದ ಮದುವೆ ಮನೇಲಿ ಬಡಿಸೋ ಹಾಗೆ ಬಲವಂತ ಮಾಡ್ತಿದ್ರು, ಬಂದೋರು ತಟ್ಟೆ ಮೇಲೆ ಕೈ ಅಡ್ಡ ಹಿಡಿದು "ಬಸ್ ಬಸ್ ಬಸ್" ಅಂತಿದ್ರು. ಮೊದಲನೇ ಬಸ್‌ಗೇ ನಮ್ಮ ನಾಯಿ ಶೇಂಗಾ ಟೇಬಲ್ ಪಕ್ಕ ಟಪ್ಪಂತ ಕೂತ್ಲು. ಎರಡನೇ ಬಸ್‌ಗೆ, ಆಗ್ಲೇ ಕೂತಿದ್ದೀನಲ್ಲ ಇನ್ನೇನ್ ಮಾಡ್ಲಿ ಅನ್ನೋ ಹಾಗೆ ಮುಂಗಾಲು ಒಂದ್ಸಲ ಎತ್ತಿ ಮತ್ತೆ ಇಟ್ಲು. ಮೂರನೇದಕ್ಕೆ ಎದ್ದು, ಒಂದು ಸುತ್ತು ಹಾಕಿ, ಹೊಸದಾಗಿ ಕೂತು, ಎಲ್ರ ಮುಖ ನೋಡಿದ್ಲು. ಮರಾಠಿ ಗೊತ್ತಿರೋರಿಗೆ ಇದು ಆಗ್ಲೇ ಹೊಳೆದಿರುತ್ತೆ. ಅವಳಿಗೆ 'ಬಸ್' ಕಲಿಸಿದ್ದು ನನ್ನ ಮಗಳು, ಮರಾಠಿಯ ಕೂತ್ಕೋ. ಊಟದ ಟೇಬಲ್ಲಿನ ಬಸ್ ಹಿಂದಿಯ ಸಾಕು.

ಎಲ್ಲರೂ ನಕ್ರು, ನಾನೂ ನಕ್ಕೆ. ಆದ್ರೆ ರಾತ್ರಿ ಪಾತ್ರೆ ತೊಳೀತಾ ನಿಂತಾಗ ಒಂದು ವಿಷಯ ನೆನಪಾಗಿ ನಗು ನಿಂತುಹೋಯ್ತು. ಇವಳು ಚಿಕ್ಕವಳಿದ್ದಾಗ ಬೆಲ್ ಆದಾಗೆಲ್ಲ ಬೊಗಳ್ತಿದ್ಲು, ನಮ್ಮನೆಯವರು ಸೋಫಾದಿಂದಾನೇ "ಏ ಬಸ್! ಬಸ್ ಹೋಗಯಾ!" ಅಂತ ಕೂಗ್ತಿದ್ರು, ಅವಳು ತಕ್ಷಣ ಕೂತು, ಕೂತ್ಕೊಂಡೇ ಬೊಗಳ್ತಿದ್ಲು. ಎಷ್ಟು ಹಟಮಾರಿ ನೋಡು, ಹೇಳಿದ್ದು ಒಂದೂ ಕೇಳಲ್ಲ ಅಂತ ಆರು ತಿಂಗಳು ಬೈದ್ವಿ. ಪಾಪ, ಅವಳು ಪ್ರತಿ ಸಲಾನೂ ಹೇಳಿದ್ದು ಮಾಡಿದ್ಲು.

ಆವತ್ತಿಂದ ಇದು ತಲೇಲಿ ಕೊರೀತಾ ಇದೆ. ಯಾಕಂದ್ರೆ ಪುಣೆಯ ಕರ್ವೇನಗರದ ನಮ್ಮ ಸೊಸೈಟೀಲಿ ಈಗ ನಾನು ನಾಯಿ ವಿಷಯದ ಎಕ್ಸ್‌ಪರ್ಟು, ಅಂದ್ರೆ ನನ್ನ ನಾಯಿ ಕರೆದ್ರೆ ಬರುತ್ತೆ ಅನ್ನೋದೊಂದೇ ಕ್ವಾಲಿಫಿಕೇಶನ್ನು. ಲಿಫ್ಟಲ್ಲಿ, ಕಸದ ಡಬ್ಬಿ ಹತ್ರ, ಬಿ ವಿಂಗ್ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಕೇಳ್ತಾರೆ. ಇದು ಯಾಕೆ ಕಚ್ಚುತ್ತೆ, ಇದು ಯಾಕೆ ಮನೇಲೇ ಮಾಡುತ್ತೆ, ಇದು ಯಾಕೆ ಎಳೆಯುತ್ತೆ, ಕರೆದ್ರೆ ಯಾಕೆ ಬರಲ್ಲ. ಎಲ್ಲ ಪ್ರಶ್ನೆಯೂ 'ಇದು ಯಾಕೆ' ಅಂತಾನೇ ಶುರು ಆಗುತ್ತೆ. ನಾನೂ ಹಾಗೇ ಕೇಳ್ತಿದ್ದೆ.

ರಸವಂತಿಯ ಮಗಳು

ಶೇಂಗಾ ಸಿಕ್ಕಿದ್ದು ಏಪ್ರಿಲ್ ತಿಂಗಳಲ್ಲಿ, ನಮ್ಮ ರಸ್ತೆ ತಿರುವಲ್ಲಿರೋ ಕಬ್ಬಿನ ಹಾಲಿನ ಅಂಗಡಿಯ ಮಷಿನ್ ಕೆಳಗೆ. ಪುಣೆಯ ರಸವಂತಿ ಗೃಹ ಗೊತ್ತಲ್ಲ, ಮಷಿನ್ನಿಗೆ ಗೆಜ್ಜೆ ಕಟ್ಟಿರ್ತಾರೆ, ತಿರುಗಿದಾಗೆಲ್ಲ ಛುಂ ಛುಂ ಅನ್ನುತ್ತೆ. ಸಿಪ್ಪೆ ರಾಶೀಲಿ ಮುದುಡಿಕೊಂಡಿತ್ತು, ಹುರಿದ ಶೇಂಗಾ ಬಣ್ಣ. ಡಾಕ್ಟ್ರು ಹಲ್ಲು ನೋಡಿ ಎಂಟು ವಾರ ಇರ್ಬಹುದು ಅಂದ್ರು. ಶೇಂಗಾ ಅನ್ನೋ ಹೆಸರನ್ನ ಮಗಳು ಇಟ್ಲು, ಧಾರವಾಡದ ಅಜ್ಜಿಗೂ ತಿಳಿಯುತ್ತೆ, ಕೆಲಸದ ಮೌಶಿಗೂ ತಿಳಿಯುತ್ತೆ ಅಂತ. ನಮ್ಮ ಮನೇಲಿ ಎಲ್ಲರಿಗೂ ಒಂದೇ ಥರ ತಿಳಿಯೋ ಕನ್ನಡ ಪದ ಅದೊಂದೇ ಇತ್ತೇನೋ. ಕೆಳಗಡೆ ಮಕ್ಕಳು ಕಣ್ಣರಳಿಸಿ "ಬ್ರೀಡ್ ಯಾವ್ದು ಆಂಟಿ?" ಅಂತ ಕೇಳಿದ್ರೆ ಅವರ ಅಮ್ಮಂದಿರೇ "ಗಾವಠೀ ಆಹೇ", ಬೀದಿ ನಾಯಿ ಅಂತ ಉತ್ತರ ಕೊಟ್ಟುಬಿಡೋರು. ನಮ್ಮನೆಯವರಿಗೆ ಮಾತ್ರ ಕಾಲು ಉದ್ದ ಇದೆ, ಸೊಂಟ ಸಣ್ಣ ಇದೆ, ಬಾಗಲಕೋಟೆ ಕಡೆಯ ಮುಧೋಳ ರಕ್ತ ಇರ್ಲೇಬೇಕು ಅಂತ ಇವತ್ತಿಗೂ ಡೌಟು. 2005ರಲ್ಲಿ ಮುಧೋಳ ನಾಯಿಯ ಸ್ಟಾಂಪ್ ಬಂದಿತ್ತು, ಅದರ ಫೋಟೋ ಫೋನಲ್ಲಿ ಇಟ್ಕೊಂಡು ಹೋಲಿಸ್ತಾರೆ. ಕಬ್ಬಿನ ಸಿಪ್ಪೇಲಿ ಸಿಕ್ಕಿದ್ದು ಕಣ್ರೀ ಅಂತ ನಾನಂತೀನಿ.

ಮೊದಲ ಎರಡು ತಿಂಗಳ ಪ್ರಶ್ನೆಗಳನ್ನ ಬೇಗ ಮುಗಿಸ್ತೀನಿ, ಅವು ಎಲ್ಲರ ಮನೇಲೂ ಒಂದೇ. ಕಚ್ಚೋದು: ಮರಿಗೆ 28 ಹಾಲುಹಲ್ಲು, ಸುಮಾರು ನಾಲ್ಕು ತಿಂಗಳಿಂದ ಅವು ಬಿದ್ದು ಏಳು ತಿಂಗಳೊಳಗೆ 42 ಹಲ್ಲು ಬರ್ತವೆ, ಅಷ್ಟು ದಿನ ದವಡೆ ನವೆ, ಏನಾದ್ರೂ ಅಗೀಲೇಬೇಕು. ಫ್ರಿಜ್ಜಲ್ಲಿಟ್ಟ ಗಜ್ಜರಿ ಕೊಡಿ, ಒದ್ದೆ ಬಟ್ಟೆ ಗಂಟು ಕಟ್ಟಿ ತಣ್ಣಗೆ ಮಾಡಿ ಕೊಡಿ, ಕೈಗೆ ಹಲ್ಲು ತಾಗಿದ ಕ್ಷಣ ಆಟ ನಿಲ್ಲಿಸಿ ಎದ್ದು ಹೋಗಿ. ನಾನೂ ಮಗಳೂ ಹಾಗೇ ಮಾಡ್ತಿದ್ವಿ, ಆದ್ರೆ ರಾತ್ರಿ ಒಂಬತ್ತಕ್ಕೆ ನಮ್ಮನೆಯವರು ಬಂದು ನೆಲದ ಮೇಲೆ ಕೂತು ಅದೇ ಕೈಯನ್ನ ಬಾಯಿಗೆ ಕೊಟ್ಟು ಕುಸ್ತಿ ಆಡ್ತಿದ್ರು, ಮಾರನೇ ದಿನ "ಇದು ಇನ್ನೂ ಕಚ್ಚುತ್ತಲ್ಲ" ಅಂತ ಆಶ್ಚರ್ಯ ಪಡ್ತಿದ್ರು. ಮನೇಲೇ ಮಾಡೋದು: ಎರಡು ತಿಂಗಳ ಮರಿ ಹೆಚ್ಚಂದ್ರೆ ಮೂರು ಗಂಟೆ ತಡ್ಕೊಳ್ಳುತ್ತೆ, ತಿಂಗಳಿಗೊಂದು ಗಂಟೆ ಅದರ ಮೇಲೊಂದು, ಇದು ಅಂದಾಜಿನ ಲೆಕ್ಕ. ಎದ್ದ ತಕ್ಷಣ, ತಿಂದ ಮೇಲೆ, ಆಡಿದ ಮೇಲೆ ಕೆಳಗೆ ಕರ್ಕೊಂಡು ಹೋಗ್ಬೇಕು, ನಾಲ್ಕನೇ ಮಹಡಿಯಿಂದ ಅಂದ್ರೆ ಲಿಫ್ಟ್ ಬರೋದ್ರೊಳಗೆ ಆಗಿಹೋಗಿರುತ್ತೆ ಅದು ಬೇರೆ ವಿಷಯ. ಫಿನೈಲ್ ಹಾಕಿ ಒರೆಸಿದ್ರೆ ವಾಸನೆ ಹೋಗೋದು ನಮ್ಮ ಮೂಗಿಗೆ ಮಾತ್ರ, ಅವಳ ಮೂಗಿಗೆ ಅಲ್ಲಿ ಇನ್ನೂ ಬೋರ್ಡ್ ಹಾಕಿರುತ್ತೆ, ಎನ್‌ಝೈಮ್ ಇರೋ ಕ್ಲೀನರ್ ತಂದ ಮೇಲೇ ಆ ಮೂಲೆ ಬಿಟ್ಟಿದ್ದು.

ಮನೇಲಿ ಮಾಡಿದ್ದಕ್ಕೆ ಶಿಕ್ಷೆ ಅಂತ ಅದರಲ್ಲೇ ನಾಯಿಯ ಮೂಗು ಉಜ್ಜೋದರ ಬಗ್ಗೆ ಮಾತ್ರ ಒಂದು ಮಾತು, ಯಾಕಂದ್ರೆ ಈಗಲೂ ಜನ ಮಾಡ್ತಾರೆ. "ತಪ್ಪು ಮಾಡಿದ್ದು ಅದಕ್ಕೆ ಗೊತ್ತಿರುತ್ತೆ ಕಣ್ರೀ, ಮುಖ ನೋಡಿ ಹೆಂಗ್ ಮಾಡ್ತದೆ" ಅಂತಾರೆ. ನ್ಯೂಯಾರ್ಕಲ್ಲಿ ಅಲೆಕ್ಸಾಂಡ್ರಾ ಹೋರೊವಿಟ್ಜ್ ಅನ್ನೋರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಬೇಡ ಅಂದಿದ್ದ ಬಿಸ್ಕಿಟ್ ಅನ್ನ ನಾಯಿ ತಿಂದಿದೆಯೋ ಇಲ್ವೋ ಅನ್ನೋದಕ್ಕೂ ಆ ಅಪರಾಧಿ ಮುಖಕ್ಕೂ ಸಂಬಂಧಾನೇ ಇರ್ಲಿಲ್ಲ, ಯಜಮಾನ ಬೈದಾಗ ಆ ಮುಖ ಬರ್ತಿತ್ತು ಅಷ್ಟೇ, ತಿನ್ನದೇ ಬೈಸಿಕೊಂಡ ನಾಯಿಗಳು ಇನ್ನೂ ಜೋರಾಗಿ ಆ ಮುಖ ಮಾಡಿದ್ವು. ಅದನ್ನ ಓದಿದ ದಿನ ನಾನು ಶೇಂಗಾ ಹತ್ರ ಕನ್ನಡದಲ್ಲಿ ಸಾರಿ ಕೇಳಿದೆ. ಅವಳು ನನ್ನ ಚಪ್ಪಲಿ ಅಗೀತಿದ್ಲು.

ಬೆಲ್ಲಿಗೆ ಬೊಗಳೋದು ಸ್ವಲ್ಪ ಮಜವಾದ ಕೇಸು. ಕೊರಿಯರ್‌ನವನು ಬರ್ತಾನೆ, ಇವಳು ಬೊಗಳ್ತಾಳೆ, ಅವನು ಪಾರ್ಸಲ್ ಕೊಟ್ಟು ಹೋಗ್ತಾನೆ. ಅವಳ ಲೆಕ್ಕದಲ್ಲಿ ಓಡಿಸಿದ್ದು ಅವಳೇ. ದಿನಕ್ಕೆ ನಾಲ್ಕು ಸಲ, ನೂರಕ್ಕೆ ನೂರು ಸಕ್ಸೆಸ್. ಇಷ್ಟು ಚೆನ್ನಾಗಿ ನಡೀತಿರೋ ಕೆಲಸಾನ ಯಾರು ಬಿಡ್ತಾರೆ ಹೇಳಿ. ಸುಮ್ನೆ ಇಗ್ನೋರ್ ಮಾಡಿ ಅಂತಾರೆ, ಮಾಡಿ ನೋಡಿ, ನಿಲ್ಲೋ ಮೊದಲು ಎರಡು ಪಟ್ಟು ಜಾಸ್ತಿ ಆಗುತ್ತೆ, ನಾವು ಸರಿಯಾಗಿ ಆ ಹೊತ್ತಿಗೇ ಸೋತು ಬಿಸ್ಕಿಟ್ ಕೊಡ್ತೀವಿ, ಅಲ್ಲಿಗೆ ಜೋರಾಗಿ ಬೊಗಳೋದನ್ನ ಕಲಿಸಿದ ಹಾಗಾಯ್ತು. ಕೊನೆಗೆ ನಮ್ಮಲ್ಲಿ ಕೆಲಸ ಮಾಡಿದ್ದು, ಬೆಲ್ ಆದ ಕೂಡ್ಲೇ ಅವಳ ಚಾಪೆ ಮೇಲೆ ನಾಲ್ಕು ಚೂರು ಪನೀರ್ ಹಾಕೋದು. ಈಗ ಬೆಲ್ ಆದ್ರೆ ಎರಡು ಸಲ ಬೊಗಳಿ, ಡ್ಯೂಟಿ ಮುಗೀತು ಅನ್ನೋ ಹಾಗೆ ಚಾಪೆಗೆ ಓಡ್ತಾಳೆ. ತಿನ್ನೋಕೆ ಏನು ಕೊಡ್ತೀರಾ ಅಂತ ಕೇಳ್ತಾರೆ, ಪನೀರು, ಬೇಯಿಸಿದ ಗೆಣಸು, ಗಜ್ಜರಿ, ಉಪ್ಪಿಲ್ಲದ ಶೇಂಗಾ ಒಂದೆರಡು. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಉಳ್ಳಾಗಡ್ಡಿ ಯಾವ ಕಾರಣಕ್ಕೂ ಬೇಡ, ಪ್ರಸಾದದ ಶಿರಾದಲ್ಲಿ ಒಣದ್ರಾಕ್ಷಿ ಇರುತ್ತೆ ಅನ್ನೋದು ಹಬ್ಬದ ದಿನ ಮರೆತುಹೋಗುತ್ತೆ.

ಮೂರು ಭಾನುವಾರದ ಮಾಸ್ತರು

ಐದು ತಿಂಗಳಾದಾಗ ಬೆಲ್ಟ್ ಹಾಕಿ ಹೊರಟ್ರೆ ನನ್ನ ಭುಜ ಕಿತ್ತುಬರೋ ಹಾಗೆ ಎಳೀತಿದ್ಲು, ಒಬ್ಬ ಟ್ರೇನರ್‌ನ ಕರೆಸಿದ್ವಿ. ಹೆಸರು ಬೇಡ. ಬಂದವನೇ ಕೈಲಿ ಎಳೆದ್ರೆ ಕುತ್ತಿಗೆ ಬಿಗಿಯೋ ಸ್ಟೀಲ್ ಚೋಕ್ ಚೈನ್ ಹಿಡ್ಕೊಂಡು ನಮ್ಮ ಮೂರೂ ಜನರನ್ನ ಸೋಫಾ ಮೇಲೆ ಕೂರಿಸಿ ಲೆಕ್ಚರ್ ಕೊಟ್ಟ. ಈ ಮನೇಲಿ ಆಲ್ಫಾ ಯಾರು? ನಾಯಿ ಅಂದ್ರೆ ತೋಳ, ತೋಳದ ಗುಂಪಲ್ಲಿ ಒಬ್ಬನೇ ಲೀಡರ್, ನೀವು ಮೊದಲು ತಿನ್ಬೇಕು, ಬಾಗಿಲು ನೀವು ಮೊದಲು ದಾಟ್ಬೇಕು, ಮಾತು ಕೇಳದಿದ್ರೆ ಬೆನ್ನ ಮೇಲೆ ಕೆಡವಿ ಶರಣಾಗೋ ತನಕ ಒತ್ತಿ ಹಿಡೀಬೇಕು. ಅತ್ತೆ ಒಳಗಿಂದ "ಈ ಮನ್ಯಾಗ ಮದಲ ಉಣ್ಣಾವ್ರು ಯಾರ್ ಅಂತ ನಾಯಿಗೆ ಯಾಕ ಹೇಳಬೇಕ ಇಂವಾ" ಅಂತ ಗೊಣಗಿದ್ದು ಕೇಳಿಸ್ತು.

ಎರಡನೇ ಭಾನುವಾರ ನನ್ನ ಕೈಯಿಂದಾನೇ ಮಾಡಿಸಿದ. ಹಾಲ್ ಮಧ್ಯೆ ಅವಳನ್ನ ಉರುಳಿಸಿ, ಎದೆ ಮೇಲೆ ಅಂಗೈ ಇಟ್ಟು ಒತ್ತಿದೆ. ಅವಳ ಹೃದಯ ನನ್ನ ಅಂಗೈಗೆ ಬಡೀತಿತ್ತು, ಹಕ್ಕಿ ಹಿಡಿದಂಗೆ. ಕಣ್ಣಿನ ಬಿಳಿ ಭಾಗ ಕಾಣ್ತಿತ್ತು, ನಾಲಿಗೆಯಿಂದ ಮೂಗು ನೆಕ್ಕೊಳ್ತಾ ನೆಕ್ಕೊಳ್ತಾ ಅಲ್ಲೇ ಮೂತ್ರ ಮಾಡ್ಕೊಂಡ್ಲು. "ದೇಖಾ ಮ್ಯಾಡಮ್, ಮಾನ್ ಗಯೀ" ಅಂದ ಅವನು ಖುಷಿಯಿಂದ. ನಾನು ಕೈ ತೆಗೆದೆ. ಅದಾದ ಮೇಲೆ ಎರಡು ದಿನ ನಾನು ಹಾಲ್‌ಗೆ ಬಂದ್ರೆ ಎದ್ದು ಬಾಲ್ಕನಿಗೆ ಹೋಗ್ತಿದ್ಲು. ಮೂರನೇ ಭಾನುವಾರ ದುಡ್ಡು ಕೊಟ್ಟು ಕಳಿಸಿದ್ವಿ, ಚೈನ್ ನಮ್ಮಲ್ಲೇ ಉಳೀತು, ಈಗ ಗ್ಯಾಸ್ ಸಿಲಿಂಡರ್‌ಗೆ ಕಟ್ಟಿದೀವಿ.

ಆ ತೋಳದ ಕಥೆ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕ್ಕೊಂಡು ಓದಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ ಬೋನಲ್ಲಿದ್ದ ತೋಳಗಳನ್ನ ನೋಡಿ ಬರೆದಿದ್ದು. 1970ರಲ್ಲಿ ಡೇವಿಡ್ ಮೆಕ್ ಅನ್ನೋ ಅಮೆರಿಕದ ವಿಜ್ಞಾನಿ ತಮ್ಮ ಪುಸ್ತಕದಲ್ಲಿ ಆ ಆಲ್ಫಾ ಮಾತನ್ನ ಸೇರಿಸಿದ್ರು, ಪುಸ್ತಕ ಸಿಕ್ಕಾಪಟ್ಟೆ ಓಡ್ತು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರದ ಎಲ್ಸ್‌ಮೀರ್ ದ್ವೀಪದಲ್ಲಿ ವರ್ಷಗಟ್ಟಲೆ ಬೇಸಿಗೇಲಿ ಕಾಡು ತೋಳಗಳ ಜೊತೆ ಇದ್ದು ನೋಡಿದ್ರೆ, ಅಲ್ಲಿ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳು. ಲೀಡರ್‌ಗಿರಿಗೆ ಹೊಡೆದಾಟ ಇಲ್ಲ, ಮಕ್ಕಳು ಅಪ್ಪ ಅಮ್ಮನ ಹಿಂದೆ ಹೋಗ್ತವೆ ಅಷ್ಟೇ. 1999ರಲ್ಲಿ ಹಾಗಂತ ಬರೆದ್ರು, ಹಳೇ ಪುಸ್ತಕ ಪ್ರಿಂಟ್ ಮಾಡೋದು ನಿಲ್ಲಿಸಿ ಅಂತ ಪಬ್ಲಿಷರ್‌ಗೆ ತಾವೇ ಕೇಳ್ಕೊಂಡ್ರು. ಝೂನಲ್ಲಿ ಬೇರೆ ಬೇರೆ ಕಡೆಯಿಂದ ತಂದು ಒಂದೇ ಬೋನಿಗೆ ಹಾಕಿದ್ದಕ್ಕೆ ಕಚ್ಚಾಡಿದ್ವು. ನಮ್ಮನ್ನೂ ಬೇರೆ ಬೇರೆ ಊರಿಂದ ತಂದು ಒಂದು ಫ್ಲ್ಯಾಟಿಗೆ ಹಾಕಿ ನೋಡಿದ್ರೆ ಗೊತ್ತಾಗುತ್ತೆ, ಸೊಸೈಟಿಯ ಜನರಲ್ ಬಾಡಿ ಮೀಟಿಂಗ್ ಸಾಕು.

ಗಣಪತಿ ದಿನ

ಇದನ್ನ ಬರೀಬೇಕು ಅಂತಾನೇ ಇಷ್ಟೆಲ್ಲ ಸುತ್ತಿ ಬಂದೆ. ಪುಣೇಲಿ ಗಣಪತಿಗೆ ಎರಡು ತಿಂಗಳ ಮುಂಚಿನಿಂದಾನೇ ಢೋಲ್ ತಾಶಾ ಪಥಕಗಳ, ಅಂದ್ರೆ ಡೋಲು ಬಾರಿಸೋ ತಂಡಗಳ ಪ್ರಾಕ್ಟೀಸು, ಸಾಯಂಕಾಲ ನದಿ ಕಡೆಯಿಂದ ಗುಡುಗಿನ ಹಾಗೆ ಬರ್ತಿರುತ್ತೆ. ಮರಿ ಹುಟ್ಟಿ 3ರಿಂದ 12–14 ವಾರದೊಳಗೆ ಏನೇನು ನೋಡಿ ಕೇಳಿ ಮುಟ್ಟಿರುತ್ತೋ ಅದೆಲ್ಲ ಅದಕ್ಕೆ ಜಗತ್ತು, ಆಮೇಲೆ ಬಂದಿದ್ದೆಲ್ಲ ಅನುಮಾನದ್ದು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತೆ ಫುಲ್ಲರ್ ಅನ್ನೋ ಇಬ್ಬರು ವರ್ಷಾನುಗಟ್ಟಲೆ ನಾಯಿಮರಿ ಸಾಕಿ ಕಂಡ್ಕೊಂಡಿದ್ದು ಇದು. ತೊಂದ್ರೆ ಏನಂದ್ರೆ ಪಾರ್ವೋ, ಡಿಸ್ಟೆಂಪರ್ ಅನ್ನೋ ಅಂಟುರೋಗಗಳ ಲಸಿಕೆ ನಡೀತಿರೋದೂ ಅದೇ ವಾರಗಳಲ್ಲಿ, ಡಾಕ್ಟ್ರು ಹೊರಗೆ ಬಿಡ್ಬೇಡಿ ಅಂತಾರೆ. ನೆಲಕ್ಕೆ ಬಿಡದೆ ಎತ್ಕೊಂಡು ಹೋಗಿ ಕಾಂಪೌಂಡ್ ಕಟ್ಟೆ ಮೇಲೆ ಕೂತು ರಿಕ್ಷಾ, ಸೈಕಲ್ಲು, ಕೊಡೆ, ಹೆಲ್ಮೆಟ್ಟು ತೋರಿಸ್ಬಹುದಿತ್ತು, ನನಗೆ ಆಗ ಗೊತ್ತಿರ್ಲಿಲ್ಲ. ನಮ್ಮ ಶೇಂಗಾ ಆ ವಾರಗಳಲ್ಲಿ ಕೇಳಿದ್ದು ಕಬ್ಬಿನ ಮಷಿನ್ನಿನ ಗೆಜ್ಜೆ ಮತ್ತೆ ನಮ್ಮ ಮಿಕ್ಸರ್. ಇವತ್ತಿಗೂ ಮಿಕ್ಸರ್ ಪಕ್ಕ ನಿದ್ದೆ ಮಾಡ್ತಾಳೆ. ಢೋಲ್ ಮೊದಲ ಸಲ ಕೇಳಿದಾಗ ಅವಳಿಗೆ ಐದು ತಿಂಗಳು ದಾಟಿತ್ತು.

ಆ ವರ್ಷ ಸೊಸೈಟಿ ಗಣಪತಿ ಕಳಿಸೋ ದಿನ. ಪಥಕ ಸಂಜೆ ಏಳಕ್ಕೆ ಬರುತ್ತೆ ಅಂದಿದ್ರು, ನಾನು ಆರಕ್ಕೇ ಅವಳನ್ನ ಕೆಳಗೆ ಕರ್ಕೊಂಡು ಹೋದೆ, ಅವರು ಆರು ಕಾಲಿಗೇ ಬಂದ್ಬಿಟ್ರು. ಗೇಟ್ ಹತ್ರ ಮೊದಲನೇ ಏಟು ಬಿದ್ದಿದ್ದೇ ತಡ, ಅವಳು ಹಿಂದಕ್ಕೆ ಹಿಂದಕ್ಕೆ ಸರಿದು ತಲೆ ಕೊಸರಿದ್ಲು, ಕಾಲರ್ ನನ್ನ ಕೈಲೇ ಉಳೀತು. ಕೆನಾಲ್ ರೋಡ್ ಕಡೆ ಓಡಿದ್ಲು. ನಾನು ಚಪ್ಪಲಿ ಬಿಟ್ಟು ಓಡಿದೆ, ಹಿಂದೆ ಮಗಳು, ಅವಳ ಹಿಂದೆ ಗುಲಾಲು ಮೆತ್ತಿದ ಜುಬ್ಬಾದಲ್ಲಿ ನಮ್ಮನೆಯವರು.

ನಿಲ್ಲಿಸಿದ್ದ ಒಂದು ಟೆಂಪೋ ಕೆಳಗೆ ಸಿಕ್ಲು. ನಾನು ಬಗ್ಗಿ "ಶೇಂಗಾ ಕಮ್! ಕಮ್ ಕಮ್ ಕಮ್!" ಅಂದೆ. ಹಿಂದಕ್ಕೆ ಸರಿದ್ಲು. ಮಗಳು "ಇಕಡೇ ಯೇ, ಯೇ ನಾ!" ಅಂದ್ಲು. ನಮ್ಮನೆಯವರು ಆ ಕಡೆಯಿಂದ "ಆಜಾ ಬೇಟಾ ಆಜಾ" ಅಂತ ಮಂಡಿಯೂರಿದ್ರು. ಮೂರು ಕಡೆಯಿಂದ ಮೂರು ಭಾಷೆ, ಅವಳು ನಾಲ್ಕನೇ ಕಡೆಯಿಂದ ಹೊರಗೆ ಹೋಗಿ ಇಪ್ಪತ್ತು ಹೆಜ್ಜೆ ದೂರ ನಿಂತು ನಮ್ಮನ್ನ ನೋಡಿದ್ಲು. ನಾವು ಒಂದು ಹೆಜ್ಜೆ ಇಟ್ರೆ ಅವಳು ಎರಡು ಹೆಜ್ಜೆ ಹಿಂದೆ. ನನ್ನ ದನಿ ಏರ್ತಾ ಏರ್ತಾ ಹೋಗಿ ಕೊನೆಗೆ ಕಿರುಚ್ತಿದ್ದೆ, ಆಚೆ ಕಡೆ ಬೈಕುಗಳು ಹೋಗ್ತಾ ಇದ್ವು.

ಆಗ ಅತ್ತೆ ಬಂದ್ರು. ಎಪ್ಪತ್ತೆರಡು ವರ್ಷ, ಮಂಡಿ ನೋವು, ಓಡ್ಲಿಲ್ಲ, ನಡ್ಕೊಂಡೇ ಬಂದ್ರು. "ನೀವೆಲ್ಲ ಬಾಯಿ ಮುಚ್ರಿ ಮದಲ" ಅಂದ್ರು. ನಮ್ಮನ್ನ ಹಿಂದೆ ಸರಿಸಿ, ಫುಟ್‌ಪಾತಿನ ಅಂಚಿಗೆ ನಾಯಿ ಕಡೆ ಅರ್ಧ ಬೆನ್ನು ಮಾಡಿ ಕೂತ್ರು, ಅವಳನ್ನ ನೋಡ್ಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಖಡಕ್ ರೊಟ್ಟಿ ತೆಗೆದು ಮುರಿದ್ರು. ಕಟ್. ಅಷ್ಟು ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸ್ತು, ಅವಳ ಕಿವಿ ತಿರುಗಿದ್ದು ಕಾಣಿಸ್ತು. "ಕುರೊ ಕುರೊ ಕುರೊ" ಅಂದ್ರು, ನಮ್ಮ ಕಡೆ ಹಿತ್ತಲ ನಾಯಿನ ಕರೀತಾರಲ್ಲ ಹಾಗೆ, ಮೆತ್ತಗೆ, ಅವಸರ ಇಲ್ಲದೆ. ಆಮೇಲೆ ಸುಮ್ನೆ ಕೂತ್ರು. ನನಗೆ ಆ ಎರಡು ನಿಮಿಷ ಎರಡು ಗಂಟೆ ಆಯ್ತು. ಶೇಂಗಾ ಹೊಟ್ಟೆ ನೆಲಕ್ಕೆ ತಾಗೋ ಹಾಗೆ ತಗ್ಗಿ ತಗ್ಗಿ ಬಂದು, ಅತ್ತೆ ಸೀರೆಯ ನೆರಿಗೆಗೆ ಮುಖ ತೂರಿಸಿದ್ಲು. ಅತ್ತೆ ಹಿಡ್ಕೊಳ್ಲಿಲ್ಲ. ಮೊದಲು ರೊಟ್ಟಿ ತಿನ್ನಿಸಿದ್ರು, ಇನ್ನೊಂದು ಚೂರು, ಇನ್ನೊಂದು ಚೂರು, ಆಮೇಲೆ ಸೆರಗನ್ನೇ ಕುತ್ತಿಗೆಗೆ ಸುತ್ತಿದ್ರು. "ಹುಚ್ ಮೂಳಿ, ಎಲ್ಲಿ ಹೊಂಟಿದ್ದಿ" ಅಂತ ಕೇಳಿದ್ರು.

ಕಾಲನಿರ್ಣಯದ ಹಿಂಬದಿ

ನನಗೆ ಖುಷಿಗಿಂತ ಜಾಸ್ತಿ ಅವಮಾನ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ದಿನಾ ಅನ್ನ ಹಾಕೋಳು ನಾನು, ಮಳೇಲಿ ಕೊಡೆ ಹಿಡ್ಕೊಂಡು ಇಳಿಸೋಳು ನಾನು, ನಾನು ಕರೆದ್ರೆ ಓಡಿಹೋಗ್ತಾಳೆ. ಅತ್ತೆ ನಾಯಿನ ಒಳಗೇ ಬಿಡ್ಬೇಡಿ ಅಂದೋರು, 'ಅದು' ಅಂತಾನೇ ಕರೆಯೋರು. ರಾತ್ರಿ ನಿದ್ದೆ ಬರದೆ ಕಾಲನಿರ್ಣಯ ಕ್ಯಾಲೆಂಡರಿನ ಹೋದ ತಿಂಗಳ ಹಾಳೆ ಕಿತ್ತು, ಅಂಚಲ್ಲಿ ಖಾಲಿ ಸಿಕ್ಕಲ್ಲೆಲ್ಲ ಲೆಕ್ಕ ಬರೆದೆ, ನನ್ನ ಕಸುಬೇ ಅದು. ಹೋದ ವಾರ ನಾನು ಯಾವ್ಯಾವಾಗ 'ಕಮ್' ಅಂದೆ, ಆಮೇಲೆ ಅವಳಿಗೆ ಏನಾಯ್ತು. ಸ್ನಾನ. ಕಿವಿಗೆ ಡ್ರಾಪ್ಸ್. ಉಣ್ಣಿ ಕೀಳೋದು, ಎರಡು ಸಲ. ನೆಂಟರು ಬಂದ್ರು ಅಂತ ಬೆಡ್‌ರೂಮಲ್ಲಿ ಕೂಡಿ ಹಾಕಿದ್ದು. ಪಾರ್ಕಲ್ಲಿ ಬೇರೆ ನಾಯಿ ಜೊತೆ ಆಡ್ತಿದ್ದಾಗ ಕರೆದು ಬೆಲ್ಟ್ ಹಾಕಿ ಮನೆಗೆ ತಂದಿದ್ದು, ದಿನಾ. ಚಪ್ಪಲಿ ಕಡಿದಾಗ ಕರೆದು ಬೈದದ್ದು. ಇನ್ನು ಅಡುಗೆಮನೆಯಿಂದ ಸುಮ್ಸುಮ್ನೆ ಹತ್ತು ಸಲ ಕಮ್ ಕಮ್ ಅಂದು, ಬಂದ್ರೆ ತಿರುಗಿ ನೋಡದೇ ಇದ್ದದ್ದು ಎಷ್ಟು ಸಲಾನೋ. ಜಮಾ ಕಡೆ ಒಂದೂ ಇಲ್ಲ. ನಾನು ಬರೆದ ಚೆಕ್ಕೆಲ್ಲ ಬೌನ್ಸ್ ಆಗಿತ್ತು, ಅವಳು ಆ ಖಾತೆಯ ಚೆಕ್ ತಗೊಳ್ಳೋದನ್ನೇ ನಿಲ್ಲಿಸಿದ್ಲು.

ಅತ್ತೆಯ ಕುರೊ ಕುರೊ ಲೆಕ್ಕ ಒಂದೇ ಸಾಲು. ಬೆಳಿಗ್ಗೆ ಹನ್ನೊಂದಕ್ಕೆ, ನಾವ್ಯಾರೂ ಮನೇಲಿಲ್ಲದಾಗ, ಬಾಲ್ಕನೀಲಿ ಕೂತು ತಾವು ಅರ್ಧ ರೊಟ್ಟಿ, ಅವಳಿಗೆ ಕಾಲು ರೊಟ್ಟಿ. ಅಷ್ಟೇ. ಹಿಡಿಯೋದಿಲ್ಲ, ಕಟ್ಟೋದಿಲ್ಲ. ನಾಲ್ಕು ತಿಂಗಳು ತಪ್ಪದೆ, ಗುಟ್ಟಾಗಿ. ಪಾವ್ಲೋವ್ ಹೆಸರು ಶಾಲೇಲಿ ಎಲ್ರೂ ಕೇಳಿರ್ತೀರಿ, ಗಂಟೆ ಅಂದ್ರೆ ಪಾವ್ಲೋವ್. ಅವರಿಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆ ಕೆಲಸಕ್ಕೆ, ನಾಯಿಗೆ ಕೇಳಿಸಿದ್ದರಲ್ಲಿ ಮೆಟ್ರೊನೋಮ್ ಅಂತ ಟಕ್ ಟಕ್ ಅನ್ನೋ ಯಂತ್ರಾನೂ ಇತ್ತು. ನಮ್ಮ ಮನೆ ಮೆಟ್ರೊನೋಮು ಖಡಕ್ ರೊಟ್ಟಿ. ಅದು ಮುರಿದ ಸದ್ದಿಗೆ ಆ ಗದ್ದಲದ ಮಧ್ಯೆ ಅವಳ ಕಿವಿ ತಾನಾಗೇ ತಿರುಗಿತ್ತು, ಹೆದರಿಕೆ ಹೆದರಿಕೆಯಾಗೇ ಇತ್ತು.

ನಾಯಿಗೆ ಇಷ್ಟು ಭಾಷೆ ಒಟ್ಟಿಗೆ ಇದ್ರೆ ಗೊಂದಲ ಆಗಲ್ವಾ ಅಂತಾನೂ ಕೇಳ್ತಾರೆ, ಪುಣೆಯ ಕನ್ನಡದೋರ ಮನೇಲಿ ಇದು ಮಕ್ಕಳ ಬಗ್ಗೆಯೂ ಕೇಳೋ ಪ್ರಶ್ನೆ. ಲಾರಾ ಕುವಾಯಾ ಅನ್ನೋ ವಿಜ್ಞಾನಿ ಮೆಕ್ಸಿಕೋದಿಂದ ಹಂಗೇರಿಯ ಬುಡಾಪೆಸ್ಟ್‌ಗೆ ಕೆಲಸಕ್ಕೆ ಹೋದಾಗ ಜೊತೆಗೆ ತಮ್ಮ ಕುನ್ ಕುನ್ ಅನ್ನೋ ನಾಯಿನೂ ಕರ್ಕೊಂಡು ಹೋದ್ರು, ಇಲ್ಲಿ ಜನ ಬೇರೆ ಭಾಷೆ ಮಾತಾಡ್ತಾರೆ ಅಂತ ಇವನಿಗೆ ಗೊತ್ತಾಗುತ್ತಾ ಅನ್ನೋ ಪ್ರಶ್ನೆ ಬಂತು. 18 ನಾಯಿಗಳನ್ನ ಮೆದುಳಿನ ಸ್ಕ್ಯಾನರ್ ಒಳಗೆ ಅಲುಗಾಡದೆ ಮಲಗೋದಕ್ಕೆ ಅಭ್ಯಾಸ ಮಾಡಿಸಿ ಸ್ಪಾನಿಷ್, ಹಂಗೇರಿಯನ್ ಎರಡೂ ಕೇಳಿಸಿದ್ರೆ, ಮನೆ ಭಾಷೆಗೊಂದು ಥರ, ಅಪರಿಚಿತ ಭಾಷೆಗೊಂದು ಥರ ಮೆದುಳು ಕೆಲಸ ಮಾಡ್ತಿತ್ತು. ವಯಸ್ಸಾದ ನಾಯಿಗಳಲ್ಲಿ ಆ ವ್ಯತ್ಯಾಸ ಇನ್ನೂ ಸ್ಪಷ್ಟ. ಊರು ಬಿಟ್ಟು ಬಂದೋರಿಗೆ ಇದನ್ನ ಓದಿದ್ರೆ ಹೊಟ್ಟೇಲಿ ಒಂಥರಾ ಆಗುತ್ತೆ. ನನ್ನ ಅನುಭವದಲ್ಲಿ ಭಾಷೆ ನಾಲ್ಕಿದ್ರೂ ನಡೆಯುತ್ತೆ, ಒಂದು ಕೆಲಸಕ್ಕೆ ಮೂರು ಪದ ಇದ್ರೆ ನಿಧಾನ ಆಗುತ್ತೆ, ಒಂದು ಪದಕ್ಕೆ ಎರಡು ಅರ್ಥ ಇದ್ರೆ ಮಾತ್ರ ಗೋವಿಂದ, ಬಸ್ ಥರ.

ಮಾರನೇ ದಿನ ಮೀಟಿಂಗ್ ಕರೆದೆ, ಮೌಶಿಯನ್ನೂ ಕೂರಿಸಿದೆ. 'ಕಮ್' ಅನ್ನೋ ಪದ ಮನೆಯಿಂದ ರಿಟೈರ್. ಸ್ನಾನಕ್ಕೆ, ಔಷಧಿಗೆ ಕರೆಯೋದೇ ಬೇಡ, ಎದ್ದು ಹೋಗಿ ಕರ್ಕೊಂಡು ಬರೋದು. ಇನ್ಮೇಲೆ ಎಲ್ಲರಿಗೂ ಕುರೊ ಕುರೊ, ಅದೂ ಒಂದೇ ಸಲ, ಬಂದ್ರೆ ಏನಾದ್ರೂ ಕೊಡ್ಲೇಬೇಕು, ಕೊಟ್ಟು ಬಿಟ್ಟುಬಿಡಬೇಕು. ಪಾರ್ಕಲ್ಲಿ ಹತ್ತು ಸಲ ಕರೆದು, ಕಾಲರ್ ಮುಟ್ಟಿ, ರೊಟ್ಟಿ ಕೊಟ್ಟು, ಹೋಗು ಆಡು ಅಂತ ಕಳಿಸಿದ್ರೆ ಹನ್ನೊಂದನೇ ಸಲ ಬೆಲ್ಟ್ ಹಾಕಿದ್ರೂ ಅವಳು ಬೇಜಾರು ಮಾಡ್ಕೊಳ್ಳಲ್ಲ. ಹತ್ತು ಮೀಟರ್ ಹಗ್ಗ ಕಟ್ಟಿ ವೇತಾಳ ಟೇಕಡಿ ಅನ್ನೋ ಗುಡ್ಡದ ಮೇಲೆ ಮೂರು ತಿಂಗಳು ಇದನ್ನೇ ಮಾಡಿದ್ವಿ. ನವಿಲು ಕಂಡ್ರೆ ಮಾತ್ರ ಇವತ್ತಿಗೂ ಯಾರ ಮಾತೂ ನಡೆಯಲ್ಲ, ಅದಕ್ಕೆ ಅಲ್ಲಿ ಹಗ್ಗ ಬಿಚ್ಚಲ್ಲ. ಟೇಕಡಿಗೆ ಬೆಳಿಗ್ಗೆ ವಾಕಿಂಗ್ ಬರೋ ಅಜ್ಜಂದಿರು ಈ ಕುರೊ ಕುರೊ ಕೇಳಿ ಮೊದಮೊದಲು ತಿರುಗಿ ನೋಡ್ತಿದ್ರು. ಒಬ್ಬರು ನಿಂತು "ವಿಜಾಪುರಾ ಕಡಿಯವ್ರೇನ್ರಿ?" ಅಂತ ಕೇಳಿದ್ರು.

ಢೋಲ್ ಹೆದರಿಕೆ ಪೂರ್ತಿ ಹೋಗಿಲ್ಲ. ಫೋನಲ್ಲಿ ಸಣ್ಣ ದನೀಲಿ ಹಾಕಿ, ಜೊತೆಗೆ ಪನೀರ್ ಕೊಟ್ಟು, ಮೇ ತಿಂಗಳಿಂದ ಒಂದೊಂದೇ ಗೆರೆ ವಾಲ್ಯೂಮ್ ಏರಿಸ್ತೀವಿ. ಆವತ್ತಿನ ದಿನ ಬಾತ್‌ರೂಮಲ್ಲಿ ಅವಳ ಚಾಪೆ ಹಾಸಿ ಪಕ್ಕ ಕೂತ್ಕೋತೀನಿ. ಸಮಾಧಾನ ಮಾಡಿದ್ರೆ ಹೆದರಿಕೆ ಜಾಸ್ತಿ ಕಲೀತಾವೆ ಅಂತ ಹೇಳೋರಿದ್ದಾರೆ, ನಂಬಬೇಡಿ, ಹೆದರಿದ ಮಗುನ ತಬ್ಕೊಂಡ್ರೆ ಅದು ಹೆದರೋದನ್ನ ಕಲಿಯಲ್ಲ.

ಅತ್ತೆ ಜೂನ್‌ನಲ್ಲಿ ಧಾರವಾಡಕ್ಕೆ ಹೋದ್ರು, ನವರಾತ್ರಿಗೆ ಬರ್ತಾರೆ. ಹೋಗೋವಾಗ ಒಂದು ಡಬ್ಬಿ ತುಂಬ ರೊಟ್ಟಿ ಬಡಿದಿಟ್ಟು ಹೋಗಿದ್ದಾರೆ, ಮೇಲೆ ಪಟ್ಟಿ ಅಂಟಿಸಿ ನಾಯಿದು ಅಂತ ಬರೆಸಿದ್ದಾರೆ ಮೊಮ್ಮಗಳ ಕೈಲಿ. ಹೋದ ವಾರ ನಮ್ಮನೆಯವರು ಜಂತುಹುಳದ ಮಾತ್ರೆ ಕೊಡೋದಕ್ಕೆ ಅವಸರದಲ್ಲಿ "ಕುರೊ ಕುರೊ" ಅಂದುಬಿಟ್ರು. ಅವಳು ಓಡಿ ಬಂದ್ಲು, ಮಾತ್ರೆ ನೋಡಿದ್ಲು, ಅವರ ಮುಖ ನೋಡಿದ್ಲು. ಮಗಳು ಎರಡು ದಿನ ಅಪ್ಪನ ಹತ್ರ ಮಾತಾಡ್ಲಿಲ್ಲ.

ನಿನ್ನೆ ರಾತ್ರಿ ಅತ್ತೆ ವಿಡಿಯೋ ಕಾಲ್ ಮಾಡಿದ್ರು. ಆ ಕಡೆ ಜಿಟಿಜಿಟಿ ಮಳೆ, ಈ ಕಡೆಯೂ. ನೆಟ್‌ವರ್ಕ್ ಹೋಗಿ ಹೋಗಿ ಬರ್ತಿತ್ತು. ಮೊಮ್ಮಗಳ ಪರೀಕ್ಷೆ, ಮಂಡಿ ನೋವು, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ಆದ ಮೇಲೆ "ಎಲ್ಲದ ಅದು?" ಅಂದ್ರು. ಫೋನ್ ತಿರುಗಿಸಿದೆ. "ಕುರೊ ಕುರೊ ಕುರೊ." ಶೇಂಗಾ ಚಾಪೆಯಿಂದ ಎದ್ದು ಬಂದು ಫೋನ್ ಮೂಸಿ, ಫೋನಿನ ಹಿಂದೆ ಹೋಗಿ ನೋಡಿ, ಬಾಲ್ಕನಿ ಬಾಗಿಲ ಹತ್ರ ಹೋಗಿ ನೋಡಿ, ವಾಪಸ್ ಬಂದು ನನ್ನ ಮುಂದೆ ಕೂತ್ಲು.

"ಏನರ ಕೊಡ ಅದಕ್ಕ," ಅಂದ್ರು ಅತ್ತೆ, "ಸುಮ್ನ ಕರದಂಗ ಆತ ನೋಡ."

ಎದ್ದು ಡಬ್ಬಿ ತೆಗೆದೆ. ಮಳೆಗಾಲದ ಗಾಳಿಗೆ ರೊಟ್ಟಿ ಮೆತ್ತಗಾಗಿಬಿಟ್ಟಿತ್ತು, ಮುರಿದ್ರೆ ಸದ್ದೇ ಬರ್ಲಿಲ್ಲ. ಅವಳು ಕಿವಿ ನಿಗುರಿಸ್ಕೊಂಡು ಕಾಯ್ತಾ ಇದ್ಲು, ನಾನು ತವಾ ಒಲೆ ಮೇಲಿಟ್ಟು ಗ್ಯಾಸ್ ಹಚ್ಚಿದೆ.